ಕಿರಕಸಾಲಿಯ ಹದಿನಾಲ್ಕು ಎಲೆ

ಜುಲೈ 4, ಗುರುವಾರ

ಬರೆದರೆ ಸಿಟ್ಟು ಇಳಿಯುತ್ತದೆ ಎಂದು ಬರೆಯುತ್ತಿದ್ದೇನೆ. ಇದು ನಾನು ಕೆಲಸ ಮಾಡುವ ಗೊಂಬೆ ಕಾರಖಾನೆಯ ಹಳೆಯ ಹಾಜರಿ ಪುಸ್ತಕ, ಹಿಂದಿನ ಅರ್ಧ ಖಾಲಿ ಇದೆ. ಯಾರೂ ತೆರೆದು ನೋಡುವುದಿಲ್ಲ.

ಮಂಗಳವಾರ ರಾತ್ರಿ ನಮ್ಮ ಓಣಿಯ ಕಾಶೆವ್ವ ರೊಟ್ಟಿ ಪಲ್ಲೆ ಉಂಡು ಒಂದು ತಾಸಿಗೆ ಮಾತು ತಪ್ಪಿದಳು. ಮೊದಲು ಗಂಟಲು ಒಣಗುತ್ತಿದೆ ಎಂದಳಂತೆ, ಆಮೇಲೆ ಹಾಸಿಗೆಯ ಮೇಲೆ ಇಲ್ಲದ ಇರುವೆಗಳನ್ನು ಆರಿಸತೊಡಗಿದಳಂತೆ. ದವಾಖಾನೆಯಲ್ಲಿ ಡಾಕ್ಟರು ಅವಳ ಕಣ್ಣು ಬಿಡಿಸಿ ನೋಡಿದವರೇ ಮದಗುಣಕಿ ಎಂದರು. ದತ್ತೂರಿ ಗಿಡಕ್ಕೆ ನಾವು ಹೇಳುವ ಹೆಸರು ಅದು. ಅದರ ಎಳೆ ಎಲೆ ಪಲ್ಲೆಯಲ್ಲಿ ಸೇರಿಹೋಗಿದೆ. ಇವತ್ತು ಎದ್ದು ಕುಳಿತು ಚಹಾ ಕೇಳಿದ್ದಾಳೆ, ಜೀವಕ್ಕೆ ಧಕ್ಕೆಯಿಲ್ಲ. ಅಷ್ಟು ಸಾಕು ದೇವರೇ ಎಂದು ನಾವು ಕೈಮುಗಿಯುವಷ್ಟರಲ್ಲಿ ಅವಳ ಗಂಡ ಗುರುಲಿಂಗಪ್ಪ ಮಾರ್ಕೆಟ್ಟಿಗೆ ಬಂದು, ಅಲ್ಲಿ ಸೊಪ್ಪು ಮಾರುವ ನನ್ನ ಅವ್ವನ ಗೋಣಿಚೀಲವನ್ನೇ ಬುಡಮೇಲು ಮಾಡಿದ.

"ಮೂವತ್ತ ವರ್ಷಾತು ನಿನ್ನ ಕಡೇನ ತೊಗೊಂಡ ತಿಂದೇವಿ. ವಿಷಾ ಕೊಟ್ಟೆಲ್ಲ ಬಾಳವ್ವಾ!"

ಅವ್ವ ಕುಳಿತಲ್ಲಿಂದ ಏಳಲಿಲ್ಲ. "ನನ್ನ ಕೈ ತಪ್ಪಂಗಿಲ್ಲರಿ. ಲಂಗಾ ಹಾಕ್ಕೋತಿದ್ದೆ, ಆವಾಗಿಂದ ತೊಪ್ಪಲಾ ಹರೀತೇನಿ."

ಗೋಜಲು ಇರುವುದು ಇಲ್ಲಿ. ಕಾಶೆವ್ವ ಅವತ್ತು ಬದುವಿನಲ್ಲಿ ತಾನಾಗಿ ಬೆಳೆಯುವ ಕಿರಕಸಾಲಿ ಸೊಪ್ಪಿನ ಒಂದು ಸಿವುಡನ್ನು ಅವ್ವನಿಂದ, ಇನ್ನೊಂದನ್ನು ಬಾಜೂ ಕೂರುವ ದುಂಡವ್ವನಿಂದ ಕೊಂಡಿದ್ದಳು. ಎರಡೂ ಒಂದೇ ಗಡಿಗೆಯಲ್ಲಿ ಬೆಂದವು. ತನ್ನ ಕೈಯೂ ತಪ್ಪಿಲ್ಲ ಎಂದು ದುಂಡವ್ವ ಆಣೆ ಹಾಕುತ್ತಾಳೆ. ಮಾರ್ಕೆಟ್ಟಿನ ಹಿರಿಯರು ಕೂಡಿ, ಆಷಾಢ ಮುಗಿಯಲಿ, ಶ್ರಾವಣದ ಮೊದಲ ಸೋಮವಾರ ಬಸವಣ್ಣನ ಗುಡಿಯಲ್ಲಿ ಇತ್ಯರ್ಥ ಮಾಡೋಣ, ಅಲ್ಲಿಯತನಕ ಇಬ್ಬರೂ ಕೂರಬೇಡಿ ಎಂದರು. ಯಾರ ತಪ್ಪೋ ಅವಳ ಜಾಗ ಹೋಗುತ್ತದೆ. ಮತ್ತೆ ಗೋಕಾಕದಲ್ಲಿ ಅವಳು ತೊಪ್ಪಲು ಮಾರುವ ಹಾಗಿಲ್ಲ.

ನನ್ನ ಪಗಾರದಲ್ಲಿ ಹೊಟ್ಟೆ ನಡೆಯುತ್ತದೆ. ಆದರೆ ಮಾರ್ಕೆಟ್ಟಿಗೆ ಹೋಗದ ಅವ್ವನನ್ನು ನಾನು ಇವತ್ತೇ ಮೊದಲು ಕಂಡದ್ದು. ಮಧ್ಯಾಹ್ನ ಮೂರು ಸಲ ಅಂಗಳ ಗುಡಿಸಿದಳು. ಇದೆಲ್ಲ ಆ ದುಂಡವ್ವನ ಕೆಲಸವೇ. ಮಾರ್ಕೆಟ್ಟಿಗೆ ಬಂದು ಐದು ವರ್ಷವಾಗಿಲ್ಲ, ಗಿಡದ ಗುರುತು ಅವಳಿಗೇನು ಗೊತ್ತು?

ಜುಲೈ 7, ಭಾನುವಾರ

ಹುಕ್ಕೇರಿಗೆ ಹೋಗಿ ಬಂದೆ. ರಮಜಾನಸಾಬ ಮಾಸ್ತರರು ಅಲ್ಲಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಮಕ್ಕಳ ಮುಂದಿಟ್ಟು ಬರೆಸಲು ನಮ್ಮ ಕಾರಖಾನೆಯ ಕಟ್ಟಿಗೆ ಹಣ್ಣುಗಳನ್ನು ಒಯ್ಯುತ್ತಿದ್ದರು, ಆಗಿನ ಗುರುತು. ಈಗ ದಿನಾ ಬದು, ಗುಡ್ಡ ಅಲೆದು ಕಾಡುಗಿಡಗಳನ್ನು ನೀರಿನ ಬಣ್ಣದಲ್ಲಿ ಬಿಡಿಸುತ್ತಾರೆ.

ನನ್ನ ಲೆಕ್ಕ ಸರಳ. ಕಿರಕಸಾಲಿ ಒಂದು ಹಾಳೆ, ಮದಗುಣಕಿ ಒಂದು ಹಾಳೆ, ದೊಡ್ಡದಾಗಿ ಬಿಡಿಸಿ ಹಿರಿಯರ ಮುಂದೆ ಇಡುವುದು. ಇಷ್ಟು ಬೇರೆ ಇರುವ ಎರಡು ಎಲೆಗಳನ್ನು ಮೂವತ್ತು ವರ್ಷದ ಕೈ ಕಲಸೀತೇ ಎಂದು ಕೇಳುವುದು. ಆಮೇಲೆ ಉಳಿಯುವವಳು ದುಂಡವ್ವ ಒಬ್ಬಳೇ.

"ಫೋಟೋ ತಗದ್ರ ಆಗಂಗಿಲ್ಲೇನ?" ಎಂದರು ಮಾಸ್ತರರು.

"ಹಿರ್ಯಾರಿಗೆ ಫೋನಿನ್ಯಾಗ ಎಲ್ಲಾ ಒಂದ ಹಸರ ಕಾಣತೈತ್ರಿ ಸರ."

ಊರ ಹೊರಗೆ ಒಂದು ಹೊಲದ ಬದುವಿಗೆ ಕರೆದೊಯ್ದು ಕೂರಿಸಿದರು. ಹದಿನಾರು ವರ್ಷ ದಿನಕ್ಕೆ ನಲವತ್ತು ಮಾವಿನಹಣ್ಣಿಗೆ ಬಣ್ಣ ಬಳಿದ ನನಗೆ ಒಂದು ಎಲೆ ಯಾವ ಗಿಡದ ತೊಪ್ಪಲು? ಹತ್ತು ನಿಮಿಷದಲ್ಲಿ ಕಿರಕಸಾಲಿ ಮುಗಿಸಿ ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

"ಭಾಳ ಚಂದ ಐತಿ. ಈ ಗಿಡಾ ಯಾವ ಊರಾಗ ಬೆಳೀತೈತಿ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೈ ಉರಿಯಿತು.

ಜುಲೈ 10, ಬುಧವಾರ

ಅವ್ವ ಇವತ್ತೂ ನಾಲ್ಕಕ್ಕೇ ಎದ್ದಳು. ಎದ್ದು ಏನು ಮಾಡುವುದು? ಕೂತಳು. ನಾನು ಮುಸುಕು ಹಾಕಿಕೊಂಡೆ.

ಜುಲೈ 14, ಭಾನುವಾರ

ನನಗೆ ಬಣ್ಣವೇ ಬರುವುದಿಲ್ಲ ಎಂದು ಇವತ್ತು ತಿಳಿಯಿತು.

ಕಾರಖಾನೆಯಲ್ಲಿ ಹಣ್ಣಿಗೆ ಬಣ್ಣ ಬಳಿದು, ಕಡೆಗೆ ಒಂದು ಚುಕ್ಕೆ ಬಿಳಿ ಇಟ್ಟರೆ ಹೊಳಪು ಬರುತ್ತದೆ. ಇಲ್ಲಿ ಬಿಳಿ ಹಚ್ಚುವ ಹಾಗೇ ಇಲ್ಲ. ಬೆಳಕು ಬೀಳುವ ಜಾಗವನ್ನು ಮೊದಲೇ ಕಂಡುಕೊಂಡು ಹಾಳೆಯನ್ನು ಹಾಗೇ ಬಿಡಬೇಕು. ನಾನು ಮರೆತು ಮರೆತು ಬಳಿಯುತ್ತೇನೆ. ಮಾಸ್ತರರು ಡಬ್ಬಿಯಿಂದ ಬಿಳಿ ಬಣ್ಣವನ್ನೇ ತೆಗೆದು ಕಿಸೆಗೆ ಹಾಕಿಕೊಂಡರು. ಗಾಳಿಗೆ ಹಾಳೆ ಏಳುತ್ತದೆ, ಬಣ್ಣ ಒಣಗುವ ಮುಂಚೆ ಇನ್ನೊಂದು ಹಚ್ಚಿದರೆ ಎರಡೂ ಹರಿದು ಕೂಡುತ್ತವೆ. ಕಿತ್ತ ಎಲೆ ಅರ್ಧ ತಾಸಿಗೆ ಬಾಡುತ್ತದೆ. ಅದು ನಮಗಾಗಿ ಕಾಯುವುದಿಲ್ಲ.

ದೊಡ್ಡ ತಪ್ಪು ಬೇರೆಯೇ. ಮಾಸ್ತರರು ನನ್ನ ಕಿರಕಸಾಲಿಯ ಪಕ್ಕದಲ್ಲಿ ನಿಜವಾದ ಎಲೆ ಇಟ್ಟರು.

"ತುದಿ ನೋಡು. ಏನ ಕಾಣತೈತಿ?"

ಎಲೆಯ ತುದಿ ಚೂಪಾಗಿಲ್ಲ, ನಡುವೆ ಸಣ್ಣದಾಗಿ ಕಚ್ಚು ಬಿದ್ದಿದೆ. ಪ್ರತಿ ಎಲೆಗೂ ಇದೆ. ನಾನು ಅದನ್ನು ಹುಳ ತಿಂದದ್ದು ಎಂದುಕೊಂಡು ತುಂಬಿಬಿಟ್ಟಿದ್ದೆ.

"ನೀ ಗಿಡಾ ರಿಪೇರಿ ಮಾಡಾಕತ್ತಿ ತಂಗಿ," ಎಂದರು. "ಗೋಕಾಕದ ಹಣ್ಣಿಗೆ ಕಪ್ಪ ಚುಕ್ಕಿ ಇದ್ರ ಗಿರಾಕಿ ಒಯ್ಯಂಗಿಲ್ಲ. ಇಲ್ಲೆ ಯಾರೂ ಗಿರಾಕಿ ಇಲ್ಲ. ಇದ್ದದ್ದ ತಗಿ."

ಇದ್ದದ್ದನ್ನು ಇದ್ದ ಹಾಗೆ ಬಿಡಿಸುವುದಕ್ಕೆ ಕಲಿಯಬೇಕೇ? ಕಲಿಯಬೇಕು. ನಾಚಿಕೆಯಾಯಿತು, ಸಿಟ್ಟೂ ಬಂತು.

ಜುಲೈ 17, ಬುಧವಾರ

ನಳದ ಹತ್ತಿರ ದುಂಡವ್ವ ಎದುರಾದಳು. ಕೊಡ ತುಂಬುವ ತನಕ ನಾನು ಬೆನ್ನು ಹಾಕಿ ನಿಂತೆ. ಹೊರಟಾಗ ಅವಳೇ ತಿರುಗಿದಳು.

"ಚಿತ್ರಾ ತಗ್ಯಾಕತ್ತಿಯಂತ, ಕೇಳಿದೆ. ತಗಿ ಸಾವಂತ್ರಿ. ಖರೇದ್ದ ತಗಿ, ಅಷ್ಟ."

"ಹೂಂ, ಖರೇದ್ದ ತಗೀತೇನಿ, ತಡೀ," ಎಂದೆ. ಸರಿಯಾಗಿ ಕೊಟ್ಟೆ ಎಂದು ಮನೆಯವರೆಗೂ ಹಿಗ್ಗು. ಆದರೆ ಅವಳ ಕೊಡ ತುಳುಕಿ ಸೀರೆಯ ಎಡ ನೆರಿಗೆ ಮೊಣಕಾಲ ತನಕ ಒದ್ದೆಯಾಗಿತ್ತು. ಅದನ್ನು ಯಾಕೆ ಬರೆದೆನೋ.

ಜುಲೈ 21, ಭಾನುವಾರ

ಮದಗುಣಕಿ ಆಯಿತು! ಮಾಸ್ತರರು ಹತ್ತು ನಿಮಿಷ ನೋಡಿ, "ಈಗ ಇದು ಗಿಡಾ" ಎಂದರು.

ಅದರ ಎಳೆ ಎಲೆಯಲ್ಲಿ ಒಂದು ಗುಟ್ಟಿದೆ. ಎಲೆ ದಂಟಿಗೆ ಕೂಡುವಲ್ಲಿ ಎರಡು ಪಾಲು ಸಮ ಇರುವುದಿಲ್ಲ. ಒಂದು ಪಾಲು ಮೇಲೆಯೇ ನಿಲ್ಲುತ್ತದೆ, ಇನ್ನೊಂದು ಕೆಳಕ್ಕೆ ಇಳಿದಿರುತ್ತದೆ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡ ಹಾಗೆ. ಕಿರಕಸಾಲಿಗೆ ಹಾಗಿಲ್ಲ, ಎರಡೂ ಕಡೆ ಒಂದೇ ಸಮ. ಮೂರು ಸಲ ನನ್ನ ಪೆನ್ಸಿಲ್ಲು ತಾನಾಗಿಯೇ ಸಮ ಮಾಡಿತು, ಮೂರು ಸಲ ಅಳಿಸಿದೆ. ನಾಲ್ಕನೆಯ ಸಲ ಎಲೆ ಹೇಳಿದಂತೆ ಕೇಳಿದೆ.

ಎರಡೂ ಹಾಳೆ ಪಕ್ಕಪಕ್ಕ ಇಟ್ಟರೆ ಕೂಸಿಗೂ ತಿಳಿಯುತ್ತದೆ. ಅವ್ವ ಗೆದ್ದಳು. ದುಂಡವ್ವ ಇನ್ನು ಗಂಟು ಕಟ್ಟಲಿ.

ಜುಲೈ 24, ಬುಧವಾರ

ಮಾಲಕ ಮಾಯಪ್ಪ ನಾನು ಮಾಡಿದ ಮಾವಿನಹಣ್ಣನ್ನು ಎಲ್ಲರ ಮುಂದೆ ಎತ್ತಿ ಹಿಡಿದ. ತೊಟ್ಟಿನ ಹತ್ತಿರ ಸೋರಿದ ಸೊನೆಯ ಕಪ್ಪು ಕಲೆ, ಒಂದು ಕಡೆ ಸ್ವಲ್ಪ ತಗ್ಗು ನೆರಳು.

"ಇದೇನ ಕೊಳತದ್ದ ಮಾಡಿಟ್ಟೀ? ಇದನ್ನ ಯಾರ ಒಯ್ತಾರ, ನಿಮ್ಮಪ್ಪ?"

ಯಾವಾಗ ಹಾಗೆ ಬಳಿದೆನೋ ನೆನಪೇ ಇಲ್ಲ. ಮನೆಯ ಚಿಂತೆಯಲ್ಲಿ ಕೆಲಸ ಕೆಡುತ್ತಿದೆ. ಮನಸ್ಸಿಟ್ಟು ಮಾಡಬೇಕು.

ಜುಲೈ 28, ಭಾನುವಾರ

ಕುಲಗೋಡದಲ್ಲಿ ಸೋದರಮಾವನ ಹೊಲಕ್ಕೆ ಅವ್ವನ ಜೊತೆ ಹೋಗಿದ್ದೆ. ಮಾರ್ಕೆಟ್ಟಿಗೆ ಅವ್ವ ಪಲ್ಲೆ ತರುತ್ತಿದ್ದುದು ಅಲ್ಲಿಂದಲೇ. ಎರಡು ಗಿಡದ ಹಾಳೆಯ ಜೊತೆ ಅವ್ವನ ಕೈಯ ಗುರುತಾಗಿ ಮೂರನೆಯದೊಂದು ಇರಲಿ, ಅವಳು ಹರಿದ ಒಂದು ಹಿಡಿ ತೊಪ್ಪಲನ್ನು ಎಲೆ ಎಲೆಯಾಗಿ ಬಿಡಿಸಿಬಿಡೋಣ ಎಂದು ನನ್ನ ಹಂಚಿಕೆ.

ಕಬ್ಬಿನ ಪಕ್ಕದ ಬದು, ಜಿಟಿಜಿಟಿ ಮಳೆ. ಅವ್ವ ತೊಪ್ಪಲು ಹರಿಯುವಾಗ ಕೆಳಗೆ ನೋಡುವುದೇ ಇಲ್ಲ. ಆಚೆ ಹೊಲದಲ್ಲಿದ್ದ ಮಾಮಿಯ ಜೊತೆ ಮಾತಾಡುತ್ತಲೇ ಇದ್ದಳು, ಕೈ ತಾನೇ ಓಡುತ್ತಿತ್ತು. ಎಂಥ ಕೈ ಎಂದು ಎದೆ ಉಬ್ಬಿತು. ಒಂದು ಹಿಡಿ ಕೊಡು ಎಂದೆ, ಕೊಟ್ಟಳು. ಹದಿನಾಲ್ಕು ಎಲೆ ಇದ್ದವು. ಟವೆಲಿನ ಮೇಲೆ ಸಾಲಾಗಿ ಹರಡಿ, ಕೊಡೆ ಹಿಡಿದುಕೊಂಡು, ಒಂದೊಂದನ್ನೇ ಪೆನ್ಸಿಲ್ಲಿನಲ್ಲಿ ತೆಗೆಯುತ್ತ ಹೋದೆ.

ಹನ್ನೊಂದನೆಯದರ ಬುಡ ಕೂಡಲಿಲ್ಲ. ನನ್ನ ಕೈ ಕೆಟ್ಟಿತು ಎಂದುಕೊಂಡು ಅಳಿಸಿದೆ. ಮತ್ತೆ ತೆಗೆದೆ, ಮತ್ತೆ ಒಂದು ಪಾಲು ಕೆಳಗೆ ಇಳಿಯಿತು. ಎಲೆಯನ್ನೇ ಎತ್ತಿ ನೋಡಿದೆ. ತುದಿಯಲ್ಲಿ ಕಚ್ಚಿರಲಿಲ್ಲ. ಹಿಸುಕಿ ಮೂಸಿದೆ.

ಮದಗುಣಕಿ.

ಅವ್ವ ಮಾಮಿಯ ಜೊತೆ ನಗುತ್ತಿದ್ದಳು. "ಆತೇನವಾ? ಇವತ್ತ ರಾತ್ರಿ ಇದನ್ನ ಬ್ಯಾಳಿ ಹಾಕಿ ಮಾಡ್ತೇನಿ," ಎಂದಳು. ಬುಟ್ಟಿ ನಾನು ಹೊರುತ್ತೇನೆ, ಸೋಸುವುದೂ ನಾನೇ ಎಂದು ಕಸಿದುಕೊಂಡೆ. ಮನೆಯಲ್ಲಿ ಒಂದೊಂದೇ ಎಲೆ ನೋಡಿದೆ. ಇನ್ನೂ ಎರಡು ಸಿಕ್ಕವು. ಬಾಡಿಹೋಗಿದೆ ಎಂದು ಸುಳ್ಳು ಹೇಳಿ ಇಡೀ ಬುಟ್ಟಿಯನ್ನು ತಿಪ್ಪೆಗೆ ಸುರಿದೆ. ಅವ್ವ ನನ್ನನ್ನು ಬೈದು, ಉಳ್ಳಾಗಡ್ಡಿ ಹೆಚ್ಚಿ ಝುಣಕಾ ಮಾಡಿದಳು.

ಜುಲೈ 29, ಸೋಮವಾರ

ಮಳೆಯಲ್ಲಿ ಯಾರ ಕೈಯೂ ತಪ್ಪುತ್ತದೆ. ಒಂದು ದಿನ ತಪ್ಪಿದರೆ ಅವತ್ತೂ ತಪ್ಪಿತ್ತು ಎಂದು ಹೇಗೆ ಹೇಳುವುದು? ಕಾಶೆವ್ವನ ಗಡಿಗೆಯಲ್ಲಿ ಇದ್ದದ್ದು ದುಂಡವ್ವನದೇ ಇರಬಹುದು. ಇರಬಹುದಲ್ಲ.

ಜುಲೈ 31, ಬುಧವಾರ

ಹನ್ನೊಂದನೆಯದು ಇನ್ನೂ ಪೆನ್ಸಿಲ್ಲಿನಲ್ಲೇ ಇದೆ, ಉಳಿದ ಹದಿಮೂರಕ್ಕೆ ಬಣ್ಣ ಆಯಿತು. ಅದನ್ನು ಅಳಿಸಿದರೆ ಜಾಗ ಖಾಲಿ ಕಾಣುತ್ತದೆ. ಕಿರಕಸಾಲಿಯಾಗಿ ತಿದ್ದಿಬಿಡೋಣ, ತಿದ್ದುವುದು ನನ್ನ ಕಸುಬೇ ಅಲ್ಲವೇ ಎಂದು ಕುಳಿತೆ. ಬುಡ ಸಮ ಮಾಡಿ, ತುದಿಗೆ ಒಂದು ಕಚ್ಚು ಹಾಕುವುದು, ಎರಡು ನಿಮಿಷದ ಕೆಲಸ.

ಚಹಾ ತಣ್ಣಗಾಯಿತು. ತಿದ್ದಲು ಆಗಲಿಲ್ಲ. ಆ ಎಲೆಯನ್ನು ಅದು ಇದ್ದ ಹಾಗೆಯೇ ಬಳಿದು ಎದ್ದೆ. ನನ್ನ ಮೇಲೇ ಅಸಹ್ಯವಾಗುತ್ತಿದೆ. ಹೆತ್ತ ತಾಯಿಗೆ ಆಗದ ಮಗಳು ಯಾರಿಗಾದಾಳು?

ಆಗಸ್ಟ್ 1, ಗುರುವಾರ

ಕಾರಖಾನೆಯಿಂದ ಬಂದಾಗ ಹಾಳೆ ಅವ್ವನ ಕೈಯಲ್ಲಿತ್ತು. ಬಾಗಿಲ ಬೆಳಕಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡುತ್ತಿದ್ದಳು.

"ಇವು ನಾ ಹರದದ್ದ ಏನ?"

"ಹೂಂ ಬೇ."

ಬೆರಳಿಟ್ಟು ಒಂದೊಂದೇ ಎಣಿಸಿದಳು. ಹನ್ನೊಂದನೆಯದರ ಮೇಲೂ ಬೆರಳು ಇಟ್ಟಳು, ಮುಂದಕ್ಕೆ ಹೋದಳು. "ಹದಿನಾಕ. ಹದಿನಾಕೂ ಖರೇ ಕಿರಕಸಾಲಿನ ಅನಸ್ತಾವ ನೋಡು. ಎಷ್ಟ ಚಂದ ತಗದೀಯವಾ ಸಾವಂತ್ರಿ!"

ಹದಿನಾರು ವರ್ಷದಲ್ಲಿ ನನ್ನ ಕೆಲಸವನ್ನು ಅವ್ವ ಹೊಗಳಿದ್ದು ಇದೇ ಮೊದಲು. ನಾನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಆಗಸ್ಟ್ 4, ಭಾನುವಾರ, ನಾಗರ ಅಮಾವಾಸ್ಯೆ

ಹಬ್ಬದ ದಿನವೂ ಹುಕ್ಕೇರಿಗೆ ಹೋದೆ. ಬಣ್ಣದ ಡಬ್ಬಿ ಒಯ್ಯಲಿಲ್ಲ.

"ಸರ, ಹದಿನಾಕ ಎಲಿ ಇದ್ದಲ್ಲೆ ಹದಿಮೂರ ತಗದ್ರ ಅದು ಸುಳ್ಳ ಏನ್ರಿ?"

ಮಾಸ್ತರರು ಯಾಕೆ ಎಂದು ಕೇಳಲಿಲ್ಲ. "ಹಾಳ್ಯಾಗ ಜಾಗಾ ಸಾಲದಿದ್ರ ಒಂದ ಬಿಡಬಹುದು. ಜಾಗಾ ಇತ್ತೇನ?"

"ಇತ್ರಿ."

ಅವರು ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಹಾಕಿದರು. ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದರು, ಅದು ಅವರ ರೂಢಿಯಲ್ಲ.

ಆಗಸ್ಟ್ 5, ಸೋಮವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಗುಡಿಯಲ್ಲಿ ಶ್ರಾವಣದ ಗದ್ದಲ ಇಳಿದ ಮೇಲೆ ಹಿರಿಯರು ಕಟ್ಟೆಯ ಮೇಲೆ ಕುಳಿತರು. ಕಾಶೆವ್ವನೂ ಬಂದಿದ್ದಳು, ಇನ್ನೂ ಸೊರಗಿದ ಮುಖ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ನನ್ನ ಚೀಲದಲ್ಲಿ ಮೂರು ಹಾಳೆ: ಕಿರಕಸಾಲಿ, ಮದಗುಣಕಿ, ಹದಿನಾಲ್ಕು ಎಲೆ. ಯಾವುದನ್ನು ತೆಗೆಯುವುದು ಎಂದು ಅಲ್ಲಿಗೆ ಹೋಗುವತನಕ ನನಗೂ ಗೊತ್ತಿರಲಿಲ್ಲ.

ತೆಗೆಯುವ ಪ್ರಮೇಯವೇ ಬರಲಿಲ್ಲ. ಹಿರಿಯರಲ್ಲಿ ದೊಡ್ಡವರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ಬಾಳವ್ವಂದು ಮೂವತ್ತ ವರ್ಷದ ಕೈ. ದುಂಡವ್ವ ಬಂದು ಇನ್ನೂ ಐದ ವರ್ಷ ಆಗಿಲ್ಲ. ಯಾರ ಕಡಿಂದ ತಪ್ಪಾಗಿರಬೇಕು, ಇದರಾಗ ಹೇಳೂದೇನೈತಿ?"

ತಲೆಗಳು ಆಡಿದವು. ಗುರುಲಿಂಗಪ್ಪನೂ ಹೌದು ಎಂದ. ನಾನು ಸುಮ್ಮನೆ ಕುಳಿತರೆ ಸಾಕಿತ್ತು. ದುಂಡವ್ವ ತಾನು ಹಾಸಿಕೊಂಡು ಕೂರುತ್ತಿದ್ದ ಖಾಲಿ ಗೋಣಿಚೀಲ ತಂದಿದ್ದಳು, ಅದನ್ನು ತೊಡೆಯ ಮೇಲೆ ಇಟ್ಟು ನಾಲ್ಕು ಮಡಿಕೆ ಮಾಡತೊಡಗಿದಳು. ಮೂರನೆಯ ಮಡಿಕೆಗೆ ಚೀಲ ಬಾಗಲಿಲ್ಲ. ಅಂಗೈಯಿಂದ ಒತ್ತಿದಳು.

ನಾನು ಎದ್ದು ಹದಿನಾಲ್ಕು ಎಲೆಯ ಹಾಳೆಯನ್ನು ಕಟ್ಟೆಯ ಮೇಲೆ ಇಟ್ಟೆ. ಅದರ ಎರಡೂ ಬದಿಗೆ ಉಳಿದ ಎರಡು ಹಾಳೆ.

"ಇವನ್ನ ಹರದದ್ದು ಯಾರು?" ಎಂದರು ಹಿರಿಯರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು. "ನಾನರಿ. ಮೊನ್ನೆ ಕುಲಗೋಡದಾಗ. ಹದಿನಾಕೂ ಕಿರಕಸಾಲಿ, ಎಣಿಸಿಕೋರಿ."

ದುಂಡವ್ವ ಬಗ್ಗಿ ನೋಡಿದಳು. ಅವಳ ಕಣ್ಣು ಸಾಲಿನಲ್ಲಿ ಓಡಿ ಹನ್ನೊಂದನೆಯದರ ಮೇಲೆ ನಿಂತಿತು. ಅವಳಿಗೆ ಗುರುತಾಯಿತು. ನನ್ನ ಮುಖ ನೋಡಿ ಸೆರಗು ಬಾಯಿಗೆ ಹಿಡಿದಳು. ಗಿಡದ ಗುರುತು ಗೊತ್ತಿಲ್ಲ ಎಂದು ನಾನು ಒಂದು ತಿಂಗಳಿಂದ ಶಪಿಸಿದ್ದು ಈ ಹೆಂಗಸನ್ನು.

ಬಾಯಿ ಬಿಟ್ಟದ್ದು ಕಾಶೆವ್ವ, ಸಣ್ಣ ದನಿಯಲ್ಲಿ. "ಬಾಳವ್ವಾ, ಅದರಾಗ ಒಂದು ಬ್ಯಾರೆ ಐತೆಲ್ಲ."

"ಯಾವದು?" ಅವ್ವ ಹಾಳೆಯತ್ತ ಬಾಗಿದಳು. "ಎಲ್ಲೈತಿ?"

ಅವ್ವ ನನ್ನ ಕಡೆ ತಿರುಗಿದಳು. "ಸಾವಂತ್ರಿ, ಎಲ್ಲೈತಿ ತೋರಸು."

ನಾನು ಅವಳ ಬೆರಳು ಹಿಡಿದು ಹನ್ನೊಂದನೆಯ ಎಲೆಯ ಮೇಲೆ ಇಟ್ಟೆ. ಅವಳು ಅದನ್ನು ಸವರಿದಳು. ಹಾಳೆ ನುಣುಪಾಗಿತ್ತು, ಅವಳಿಗೆ ಏನೂ ಸಿಕ್ಕಿರಲಾರದು. ಆದರೂ ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ, "ಕಾಶೆವ್ವಾ, ನಂದ ತಪ್ಪ. ಹೊಟ್ಟ್ಯಾಗ ಹಾಕ್ಕೋ," ಎಂದಳು.

ಅವ್ವನ ಜಾಗ ಹೋಯಿತು. ದುಂಡವ್ವ ನಾಳೆಯಿಂದ ಕೂರಬಹುದು. ಪೊಲೀಸರ ಮಾತು ಯಾರೂ ಎತ್ತಲಿಲ್ಲ. ಬರುವಾಗ ಅವ್ವ ನನ್ನ ಕೈ ಹಿಡಿಯಲು ಬಿಡಲಿಲ್ಲ. ಗೋಡೆ ಹಿಡಿದುಕೊಂಡು ಮನೆಯತನಕ ನಡೆದಳು.

ಆಗಸ್ಟ್ 6, ಮಂಗಳವಾರ

ಕೆಲಸಕ್ಕೆ ಹೋಗಲಿಲ್ಲ. ಬೆಳಗಿನಿಂದ ಅವ್ವ ಉಂಡಿಲ್ಲ. ಹತ್ತು ಗಂಟೆಗೆ ನಾನೇ ಮುಂದೆ ಹೋಗಿ ಕುಳಿತೆ. ಬೈದಿದ್ದರೆ ತಡೆಯುತ್ತಿದ್ದೆ.

"ಎಲಿ ನೋಡಾಕ ಒಂದ ತಿಂಗಳದಾಗ ಕಲ್ತಿ," ಎಂದಳು. "ನನ್ನ ಮಾರಿ ಯಾವಾಗರ ನೋಡೀಯೇನ?"

ಅವಳ ಮುಖವನ್ನು ಬಾಗಿಲ ಕಡೆ ತಿರುಗಿಸಿ ನೋಡಿದೆ. ಎಡಗಣ್ಣಿನ ತುಂಬ ಪೊರೆ ಕಟ್ಟಿದೆ, ಬೆಳಕಿಗೆ ಅದು ಅಲುಗುವುದೂ ಇಲ್ಲ. ಬಲಗಣ್ಣಿನ ನಡುವೆಯೂ ಬೂದಿ ಬಣ್ಣ, ಅಂಚಿನಲ್ಲಿ ಮಾತ್ರ ಸ್ವಲ್ಪ ಕಪ್ಪು ಉಳಿದಿದೆ. ಒಂದೇ ಮನೆಯಲ್ಲಿ ದಿನಾ ಎದುರುಬದುರು ಕುಳಿತು ಉಣ್ಣುವವರು ನಾವು.

"ಎಷ್ಟ ದಿನಾ ಆತು ಬೇ?"

"ಈ ದಸರೆ ಬಂದ್ರ ಎರಡ ವರ್ಷ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ನನ್ನ ಮನ್ಯಾಗ ಕುಂದರಸ್ತಿದ್ದಿ."

ಅಷ್ಟು ಹೇಳಿ ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ಈಗ ಮಧ್ಯಾಹ್ನವಾಗಿದೆ. ಮಾರ್ಕೆಟ್ಟಿನ ಕೂಗು ಇಲ್ಲಿಯತನಕ ಕೇಳುತ್ತಿದೆ, ಅವಳು ನಿದ್ದೆ ಮಾಡಿಲ್ಲ. ನಾನು ಅವಳನ್ನು ಮನೆಯಲ್ಲಿ ಕೂರಿಸಿದ್ದೇನೆ.